ಹಿರಿಯ ರೋಗಿಗಳಿಂದ ಕಲಿತು ನಮ್ಮ ಬದುಕನ್ನು ಬರೆದಿಡುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ಉಡುಪಿ ಮತ್ತು ಅದರ ಆಸುಪಾಸಿನ ಊರುಗಳಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವುದು ಸುಮಾರು ಇಪ್ಪತ್ತು ವರ್ಷಗಳಿಂದ ನನ್ನ ಕೆಲಸ. ಮೊಣಕಾಲಿನ ಶಸ್ತ್ರಚಿಕಿತ್ಸೆ ಆದವರು, ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರು, ಪಾರ್ಶ್ವವಾಯು ಬಡಿದವರು, ಹೀಗೆ ನನ್ನ ಕೈಗೆ ಬರುವವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು. ಆಸ್ಪತ್ರೆಯ ವೈದ್ಯರಿಗೆ ಒಬ್ಬ ರೋಗಿಯ ಜೊತೆ ಐದು ನಿಮಿಷ ಸಿಕ್ಕಿದರೆ ಹೆಚ್ಚು. ನಮಗೆ ಮುಕ್ಕಾಲು ಗಂಟೆ ಸಿಗುತ್ತದೆ, ಮತ್ತು ಆ ಮುಕ್ಕಾಲು ಗಂಟೆಯಲ್ಲಿ ಕಾಲು ಎತ್ತುವ ನೋವನ್ನು ಮರೆಸಲು ಏನಾದರೊಂದು ಮಾತು ತೆಗೆಯಲೇಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ಒಬ್ಬ ಅಜ್ಜ ನನಗೆ ತಮ್ಮ ಕಥೆಯನ್ನು ಕಂತು ಕಂತಾಗಿ ಹೇಳುತ್ತಿದ್ದರು. ಹನ್ನೊಂದನೆಯ ವಯಸ್ಸಿನಲ್ಲಿ ಊರಿನವರೊಬ್ಬರ ಬೆನ್ನು ಹಿಡಿದು ಮಂಗಳೂರಿನ ಬಂದರಿನಿಂದ ಹಡಗು ಹತ್ತಿ ಬೊಂಬಾಯಿಗೆ ಹೋದದ್ದು, ಹೋಟೆಲಿನಲ್ಲಿ ಲೋಟ ತೊಳೆದದ್ದು, ರಾತ್ರಿ ಶಾಲೆಯಲ್ಲಿ ತೂಕಡಿಸುತ್ತಾ ಕನ್ನಡ ಓದಿದ್ದು, ಒಂದು ದಿನ ಗಲ್ಲಾಪೆಟ್ಟಿಗೆಯಿಂದ ನಾಲ್ಕಾಣೆ ಕಾಣೆಯಾಗಿ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದು, ಅಲ್ಲಿಯವರೆಗೆ ಕಥೆ ಬಂದಿತ್ತು. "ಮುಂದಿನದ್ದು ಗುರುವಾರ" ಎಂದರು. ಗುರುವಾರದೊಳಗೆ ಅವರಿಗೆ ಎರಡನೆಯ ಸಲ ಪಾರ್ಶ್ವವಾಯು ಬಡಿದು ಮಾತು ಹೋಯಿತು. ಮತ್ತೆ ನಾನು ಹೋದಾಗ ಗುರುತು ಹಿಡಿದರು, ನಕ್ಕರು, ಕೇಳಿದ್ದಕ್ಕೆಲ್ಲ "ಹಾಂ" ಎಂಬ ಒಂದೇ ಉತ್ತರ ಕೊಟ್ಟರು. ಆ ನಾಲ್ಕಾಣೆ ಕೊನೆಗೆ ಸಿಕ್ಕಿತೇ ಎಂದು ಮಗನನ್ನು ಕೇಳಿದರೆ ಅವರಿಗೆ ನಾಲ್ಕಾಣೆಯ ಸಂಗತಿಯೇ ಗೊತ್ತಿರಲಿಲ್ಲ. "ಅಪ್ಪ ಬೊಂಬಾಯಿಯಲ್ಲಿ ಹೋಟೆಲಿನಲ್ಲಿದ್ದರು" ಎಂದಷ್ಟೇ ಹೇಳಿದರು.

ಅದೇ ವಾರ ನನ್ನ ಮಗ ಶಾಲೆಯ ಯಾವುದೋ ಪ್ರಾಜೆಕ್ಟಿಗೆ ಬೇಕೆಂದು ಅಜ್ಜ ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದ. "ಹಂಚಿನ ಕಾರ್ಖಾನೆಯಲ್ಲಿದ್ದರು" ಎಂದು ಹೇಳಿ ಒಳಗೆ ಹೋದವಳು ಒಲೆಯ ಮುಂದೆ ನಿಂತುಬಿಟ್ಟೆ. ನನ್ನ ತಂದೆಯ ಮೂವತ್ತು ವರ್ಷವನ್ನು ನಾನೂ ಎರಡೇ ಶಬ್ದಗಳಲ್ಲಿ ಮುಗಿಸಿದ್ದೆ, ಮತ್ತು ನನ್ನ ಬದುಕಿನ ಬಗ್ಗೆ ನಾಳೆ ಯಾರಾದರೂ ಕೇಳಿದರೆ ನನ್ನ ಮಗ ಹೇಳಬಹುದಾದದ್ದೂ ಅಷ್ಟೇ ಎಂಬುದು ಸ್ಪಷ್ಟವಾಗಿತ್ತು. ಹಾಗೆ ಆರಂಭಿಸಿದ ಕೆಲಸದಲ್ಲಿ ಎಡವಿ, ತಿದ್ದಿಕೊಂಡು, ಈಗ ನಾಲ್ಕು ಪುಸ್ತಕ ತುಂಬಿಸಿದ ಮೇಲೆ ಕೈಗೆ ಹತ್ತಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ದಾದಿಯಾಗಿರಬಹುದು, ವೈದ್ಯರಾಗಿರಬಹುದು, ಮನೆಯಲ್ಲಿ ಅತ್ತೆಯ ಆರೈಕೆ ಮಾಡುವ ಸೊಸೆಯಾಗಿರಬಹುದು. ವಯಸ್ಸಾದವರ ಮಗ್ಗುಲಲ್ಲಿ ದಿನಕ್ಕೆ ಅರ್ಧ ಗಂಟೆ ಕೂರುವ ಯಾರಿಗಾದರೂ ಇದು ಸಾಧ್ಯ. ಇಲ್ಲಿ ಹೇಳಿರುವ ರೋಗಿಗಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಮೊದಲ ಹಂತ: ಹೇಳುವ ಬಗೆಯನ್ನು ಕೇಳಿ

ಹಿರಿಯರ ಕಥೆಯನ್ನು ನಾವು ಸಾಮಾನ್ಯವಾಗಿ ಏನಾಯಿತು ಎಂಬುದಕ್ಕಾಗಿ ಕೇಳುತ್ತೇವೆ. ನಮ್ಮ ಕೆಲಸಕ್ಕೆ ಅದಕ್ಕಿಂತ ಅವರು ಹೇಗೆ ಹೇಳುತ್ತಾರೆ ಎಂಬುದೇ ಮುಖ್ಯ. "ನಾನು ಇಂಥ ವರ್ಷ ಇಂಥಲ್ಲಿ ಹುಟ್ಟಿದೆ" ಎಂದು ಆರಂಭಿಸಿದ ಅಜ್ಜಿಯನ್ನು ನಾನು ಇಷ್ಟು ವರ್ಷಗಳಲ್ಲಿ ಒಬ್ಬರನ್ನೂ ಕಂಡಿಲ್ಲ. ಅವರು ಬಾವಿಯಿಂದ ಆರಂಭಿಸುತ್ತಾರೆ, ದೋಣಿಯಿಂದ, ತವರಿನಿಂದ ಬರುವಾಗ ತಂದ ಹಿತ್ತಾಳೆಯ ಕೊಡಪಾನದಿಂದ ಆರಂಭಿಸುತ್ತಾರೆ. ಅಲ್ಲಿಂದ ಮಾತು ತಾನಾಗಿ ಜನರ ಕಡೆಗೆ ಹರಿಯುತ್ತದೆ.

ಆದ್ದರಿಂದ "ನಿಮ್ಮ ಜೀವನದ ಬಗ್ಗೆ ಹೇಳಿ" ಎಂದು ಯಾರನ್ನೂ ಕೇಳಬೇಡಿ. "ಎಂಥದ್ದು ಹೇಳುವುದು ಮಾರಾಯ್ತಿ, ಕಷ್ಟವೇ" ಎಂಬ ಉತ್ತರ ಬಂದು ಬಾಗಿಲು ಮುಚ್ಚುತ್ತದೆ. ಅದರ ಬದಲು ಆಗ ಮನೆಗೆ ನೀರು ಎಲ್ಲಿಂದ ತರುತ್ತಿದ್ದಿರಿ, ಪೇಟೆಗೆ ಹೋಗಲು ಎಷ್ಟು ದೋಣಿ ಕಡವು ದಾಟಬೇಕಿತ್ತು, ಜಡಿಮಳೆಯ ಆಟಿ ತಿಂಗಳಲ್ಲಿ ಅಕ್ಕಿ ಮುಗಿದರೆ ಏನು ತಿನ್ನುತ್ತಿದ್ದಿರಿ ಎಂದು ಕೇಳಿ ನೋಡಿ. ಪ್ರಶ್ನೆ ಎಷ್ಟು ಸಣ್ಣದೋ ಉತ್ತರ ಅಷ್ಟು ಉದ್ದವಾಗುತ್ತದೆ.

ಕೇಳುವಾಗ ಮೂರು ಸಂಗತಿಗಳ ಮೇಲೆ ಗಮನ ಇರಲಿ. ಅವರು ಮತ್ತೆ ಮತ್ತೆ ಎಲ್ಲಿಗೆ ಮರಳುತ್ತಾರೆ ಎಂಬುದು ಒಂದು. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಬರೆದ ಒಂದು ಲೇಖನದಲ್ಲಿ, ವಯಸ್ಸಾದವರು ಹಳೆಯದನ್ನು ಮೆಲುಕು ಹಾಕುವುದು ಅರಳುಮರಳಿನ ಲಕ್ಷಣವಲ್ಲ, ಬದುಕನ್ನು ತೂಗಿ ನೋಡುವ ಸಹಜ ಕ್ರಿಯೆ ಎಂದು ವಾದಿಸಿದರು. ಆವರೆಗೆ ವೃತ್ತಿಯಲ್ಲಿರುವವರೂ ಅದನ್ನು ತಡೆಯಬೇಕಾದ ಅಭ್ಯಾಸವೆಂದೇ ನೋಡುತ್ತಿದ್ದುದು ಹೆಚ್ಚು. ಒಂದೇ ಕಥೆಯನ್ನು ಐದನೆಯ ಸಲ ಹೇಳುವಾಗ ಯಾವ ವಿವರ ಹೊಸದಾಗಿ ಸೇರಿತು, ಯಾವುದು ಬಿಟ್ಟುಹೋಯಿತು ಎಂದು ನೋಡಿದರೆ ಬೇಸರ ಬರುವುದಿಲ್ಲ. (ಹತ್ತು ನಿಮಿಷದ ಹಿಂದೆ ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳುವುದು ಬೇರೆ ವಿಷಯ, ಅದು ಹೊಸದಾಗಿ ಆರಂಭವಾಗಿದ್ದರೆ ವೈದ್ಯರಿಗೆ ತಿಳಿಸಬೇಕು.) ಎರಡನೆಯದು, ಅವರು ಎಲ್ಲಿ ಮಾತು ನಿಲ್ಲಿಸುತ್ತಾರೆ ಎಂಬುದು. ಅಲ್ಲಿ ಕೆದಕಬಾರದು, ನಿಂತರು ಎಂಬುದನ್ನು ಗಮನಿಸಿದರೆ ಸಾಕು.

ಮೂರನೆಯದು ಕೈ. ಇದನ್ನು ನನಗೆ ಕಲಿಸಿದವರು ಎಂಬತ್ತರ ಆಸುಪಾಸಿನ ಒಬ್ಬ ಅಮ್ಮ. ಪಾರ್ಶ್ವವಾಯುವಿನಿಂದ ಎಡಗೈಯ ಬಲ ಹೋಗಿತ್ತು, ಮಾತು ಮಾತ್ರ ಗಟ್ಟಿಯಾಗಿತ್ತು. ಬೆರಳಿನ ವ್ಯಾಯಾಮಕ್ಕೆಂದು ನಾನು ಕೊಟ್ಟ ಮೆತ್ತನೆಯ ಚೆಂಡನ್ನು ಅವರು ಪಕ್ಕಕ್ಕೆ ಸರಿಸಿ, ಮೇಜಿನ ಮೇಲಿದ್ದ ಹಳೆಯ ಕ್ಯಾಲೆಂಡರಿನ ಚೂರನ್ನು ಬೀಡಿ ಎಲೆಯ ಅಳತೆಗೆ ಕತ್ತರಿಸಿಕೊಡಲು ಹೇಳಿದರು. ತಡ್ಪೆಯನ್ನು (ಮೊರವನ್ನು) ಮಡಿಲಿನಲ್ಲಿ ಇಟ್ಟುಕೊಂಡ ಮೇಲೆ ಅವರ ಬಲಗೈ ಎಲ್ಲವನ್ನೂ ತಾನೇ ಮಾಡಿತು. ಎಡಗೈಯ ಹೆಬ್ಬೆರಳು, ಒಂದು ವಾರದಿಂದ ನನ್ನ ಯಾವ ಮಾತನ್ನೂ ಕೇಳದಿದ್ದ ಹೆಬ್ಬೆರಳು, ಕಾಗದದ ಅಂಚನ್ನು ಹುಡುಕಿಕೊಂಡು ನಿಧಾನವಾಗಿ ಬಾಗಿತು. ಸುತ್ತುತ್ತಾ ಸುತ್ತುತ್ತಾ ಅವರು ಬೀಡಿ ಬ್ರ್ಯಾಂಚಿನ ಬಗ್ಗೆ, ಸಾವಿರಕ್ಕೆ ಸಿಗುತ್ತಿದ್ದ ಮಜೂರಿಯ ಬಗ್ಗೆ, ಎಲೆ ಸರಿಯಿಲ್ಲವೆಂದು ಕಟ್ಟು ವಾಪಸು ಬಂದ ದಿನ ಅತ್ತೆ ಉಣ್ಣದೆ ಮಲಗಿದ್ದರ ಬಗ್ಗೆ ಹೇಳಿದರು. ಅಷ್ಟು ದಿನ ಬಾಯಿಮಾತಿನಲ್ಲಿ ಕೇಳಿದಾಗ ಇದರಲ್ಲಿ ಒಂದೂ ಬಂದಿರಲಿಲ್ಲ.

ಎರಡನೆಯ ಹಂತ: ಅವರದ್ದು ಅವರದ್ದೇ

ರೋಗಿಯ ಕಥೆ ನಮ್ಮ ಪುಸ್ತಕಕ್ಕೆ ಬರಬಾರದು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡತೆಯ ನಿಯಮಗಳು, ಚಿಕಿತ್ಸೆಯ ವೇಳೆ ತಿಳಿದ ಗುಟ್ಟನ್ನು ವೈದ್ಯರು ಹೊರಹಾಕಬಾರದೆಂದೂ ಗುರುತು ಸಿಗುವಂತೆ ರೋಗಿಯ ಫೋಟೊ ಅಥವಾ ವಿವರವನ್ನು ಅನುಮತಿಯಿಲ್ಲದೆ ಪ್ರಕಟಿಸಬಾರದೆಂದೂ ಹೇಳುತ್ತವೆ. ವೈದ್ಯರಲ್ಲದ ನಮ್ಮಂಥವರಿಗೂ ಅದೇ ಮರ್ಯಾದೆ ಅನ್ವಯಿಸುತ್ತದೆ ಎಂದು ತಿಳಿಯುವುದು ಒಳ್ಳೆಯದು. ಉಡುಪಿ, ಮಂಗಳೂರಿನಂಥ ಊರುಗಳಲ್ಲಿ ಹೆಸರು ಬದಲಿಸಿದರೂ ಸಾಲದು. ಮನೆ ಯಾವ ಕಡೆ, ಮಗ ಯಾವ ದೇಶದಲ್ಲಿದ್ದಾನೆ ಎಂದರೆ ಸಾಕು, ಯಾರೆಂದು ಬಸ್ಸಿನಲ್ಲಿ ಪಕ್ಕ ಕುಳಿತವರು ಹೇಳಿಬಿಡುತ್ತಾರೆ.

ನಾನು ಮಾಡುವುದು ಇಷ್ಟು. ಕೆಲಸ ಮುಗಿಸಿ ಸ್ಕೂಟರ್ ಹತ್ತುವ ಮೊದಲು, ಆ ದಿನ ಕೇಳಿದ ಮಾತು ನನ್ನಲ್ಲಿ ಎಬ್ಬಿಸಿದ ಒಂದು ಪ್ರಶ್ನೆಯನ್ನು ಮಾತ್ರ ಚಿಕ್ಕ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಅದರಲ್ಲಿ ಅವರ ಹೆಸರು ಇರುವುದಿಲ್ಲ, ಕಾಯಿಲೆ ಇರುವುದಿಲ್ಲ, ಅವರ ಉತ್ತರವೂ ಇರುವುದಿಲ್ಲ. ತಮ್ಮ ಕಥೆಯೂ ಉಳಿಯಬೇಕೆಂದು ಅವರೇ ಬಯಸಿದರೆ ಅದು ಬೇರೆ ಕೆಲಸ. ಅವರ ಮನೆಯವರನ್ನು ಕೂರಿಸಿ, ಅವರ ಫೋನಿನಲ್ಲೇ ಧ್ವನಿಮುದ್ರಿಸಿಕೊಳ್ಳುವಂತೆ ತೋರಿಸಿಕೊಟ್ಟು ಎದ್ದು ಬನ್ನಿ. ಕೆನಡಾದ ಮನೋವೈದ್ಯ ಹಾರ್ವೆ ಚೋಚಿನೋವ್ ಮತ್ತು ಸಂಗಡಿಗರು ಕೊನೆಗಾಲದ ರೋಗಿಗಳಿಗಾಗಿ ರೂಪಿಸಿ 2005ರಲ್ಲಿ ಪ್ರಕಟಿಸಿದ ಚಿಕಿತ್ಸಾಕ್ರಮದಲ್ಲಿ ಹೀಗೆಯೇ ಮಾಡುತ್ತಾರೆ. ರೋಗಿ ಹೇಳಿದ್ದನ್ನು ಧ್ವನಿಮುದ್ರಿಸಿ, ಬರಹಕ್ಕಿಳಿಸಿ, ತಿದ್ದಿ, ಅವರಿಗೇ ಓದಿ ಹೇಳಿ, ಅವರ ಕೈಗೇ ಒಪ್ಪಿಸುತ್ತಾರೆ. ಬರಹ ಯಾರಿಗೆ ಸಲ್ಲಬೇಕೆಂದು ನಿರ್ಧರಿಸುವವರು ಅವರೇ.

ಮೂರನೆಯ ಹಂತ: ಪ್ರಶ್ನೆಯನ್ನು ನಿಮ್ಮ ಕಡೆಗೆ ತಿರುಗಿಸಿ

ಬೀಡಿ ಕಟ್ಟಿದ ಅಮ್ಮನ ಮನೆಯಿಂದ ಬಂದ ದಿನ ನನ್ನ ಪುಸ್ತಕದಲ್ಲಿದ್ದ ಪ್ರಶ್ನೆ "ನನ್ನ ಕೈಗೆ ಮಾತ್ರ ಗೊತ್ತಿರುವುದು ಏನು?" ಎಂಬುದು. ನಾಲ್ಕಾಣೆಯ ಅಜ್ಜನಿಂದ ಬಂದ ಪ್ರಶ್ನೆ "ನಾನು ಮಾಡದ ತಪ್ಪಿಗೆ ಸಾಲಿನಲ್ಲಿ ನಿಂತದ್ದು ಯಾವಾಗ?" ಎಂಬುದು. ಹೀಗೆ ಬಂದ ಪ್ರಶ್ನೆಗಳಿಗೂ, ಆತ್ಮಕಥೆ ಬರೆಯುವವರಿಗೆಂದು ಸಿದ್ಧವಾಗಿ ಸಿಗುವ ಪ್ರಶ್ನೆಗಳಿಗೂ ಬಹಳ ವ್ಯತ್ಯಾಸವಿದೆ. ನಿಮ್ಮ ಸಾಧನೆಗಳೇನು, ನಿಮ್ಮ ಆದರ್ಶ ಯಾರು ಎಂದು ಕೇಳಿದರೆ ನಾವು ಸನ್ಮಾನದ ಭಾಷಣ ಬರೆಯುತ್ತೇವೆ. ಮೊದಲ ಸಂಬಳದಲ್ಲಿ ಕೊಂಡ ವಸ್ತು ಈಗ ಎಲ್ಲಿದೆ ಎಂದು ಕೇಳಿಕೊಂಡರೆ ಬದುಕು ಬರುತ್ತದೆ.

ಇಪ್ಪತ್ತು ಇಪ್ಪತ್ತೈದು ಪ್ರಶ್ನೆ ಒಟ್ಟುಗೂಡುವವರೆಗೆ ಉತ್ತರ ಬರೆಯಲು ಹೋಗಬೇಡಿ. ಎರಡು ತಿಂಗಳಾದರೂ ಪರವಾಗಿಲ್ಲ. ಆಮೇಲೆ ಒಮ್ಮೆ ಎಲ್ಲವನ್ನೂ ಓದಿ, ಯಾವ ಪ್ರಶ್ನೆಯ ಮುಂದೆ ಮನಸ್ಸು ತಡೆದು ನಿಲ್ಲುತ್ತದೋ ಅದಕ್ಕೆ ಗುರುತು ಹಾಕಿ. ನಲವತ್ತು ದಾಟಿದವರಿಗೆ ಹೆಚ್ಚಿನ ಗುರುತುಗಳು ಹತ್ತರಿಂದ ಮೂವತ್ತರ ವಯಸ್ಸಿನ ನಡುವೆ ಬಿದ್ದರೆ ಆಶ್ಚರ್ಯವಿಲ್ಲ. ನಡುವಯಸ್ಸು ದಾಟಿದವರಿಗೆ ಆ ಕಾಲದ ನೆನಪುಗಳೇ ದಟ್ಟವಾಗಿರುತ್ತವೆ ಎಂಬುದನ್ನು ನೆನಪಿನ ಅಧ್ಯಯನಗಳು ಬೇರೆ ಬೇರೆ ದೇಶಗಳಲ್ಲಿ ಕಂಡಿವೆ. ಹಾಗಾಗಿ ಬರೆಯುವುದನ್ನು ಆ ವರ್ಷಗಳಿಂದಲೇ ಆರಂಭಿಸಿ, ಹುಟ್ಟಿನ ವಿಷಯ ಆಮೇಲೆ ಬರಲಿ. ಹುಟ್ಟಿದ್ದು ನಮಗೆ ನೆನಪಿರುವ ಸಂಗತಿಯೇ ಅಲ್ಲವಲ್ಲ.

ನಾಲ್ಕನೆಯ ಹಂತ: ಕಾಲಕ್ಕೆ ಗೂಟ ಹೊಡೆಯಿರಿ

ಇಸವಿ ಸರಿಯಾಗಿ ನೆನಪಿಲ್ಲ ಎಂಬ ಕಾರಣಕ್ಕೆ ಬರೆಯುವುದನ್ನೇ ಬಿಟ್ಟವರನ್ನು ನಾನು ಬಲ್ಲೆ. ನಮ್ಮ ಹಿರಿಯರಿಗೆ ಇಸವಿ ಎಂದೂ ತೊಡಕಾಗಿರಲಿಲ್ಲ. "ಮದ್ರಾಸು ಸರಕಾರ ಇದ್ದಾಗ" ಎಂದರೆ 1956ರ ನವೆಂಬರ್ 1ಕ್ಕೆ ಮೊದಲು. "ಅಣೆ ಹೋಗಿ ಹೊಸ ಪೈಸೆ ಬಂದ ವರ್ಷ" ಎಂದರೆ 1957. "ಭೂಮಸೂದೆಯ ಸಮಯ" ಎಂದರೆ ಉಳುವವನಿಗೇ ಭೂಮಿ ಎಂಬ ಕಾನೂನು ಬಂದ 1974ರ ನಂತರದ ಒಂದೆರಡು ವರ್ಷ; ಗೇಣಿ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಕಚೇರಿಗೆ ಅಲೆದದ್ದನ್ನು, ಧನಿಗಳ ಮನೆಯಂಗಳಕ್ಕೆ ಕಾಲಿಡಲು ಸಂಕೋಚಪಟ್ಟದ್ದನ್ನು ಎರಡೂ ಕಡೆಯವರ ಬಾಯಿಂದ ನಾನು ಕೇಳಿದ್ದೇನೆ. ಬಂಟ್ವಾಳದ ಕಡೆಯವರಿಗೆ 1974 ಎಂದರೆ ನೇತ್ರಾವತಿಯ ನೆರೆಯೂ ಹೌದು.

ಉಡುಪಿಯವರಿಗೆ ಇನ್ನೊಂದು ಸೊಗಸಾದ ಲೆಕ್ಕ ಇದೆ. ಕೃಷ್ಣಮಠದ ಪರ್ಯಾಯ, ಅಂದರೆ ಕೃಷ್ಣಪೂಜೆಯ ಸರದಿ, ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಬದಲಾಗುತ್ತದೆ, ಮಠಗಳು ಎಂಟು, ಆದ್ದರಿಂದ ಒಂದು ಮಠದ ಸರದಿ ಮತ್ತೆ ಬರುವುದು 16 ವರ್ಷಕ್ಕೆ. ಪೇಜಾವರ ಮಠದ ಪರ್ಯಾಯ 1952, 1968, 1984, 2000, 2016ರಲ್ಲಿ ಬಂದಿದೆ. "ಪೇಜಾವರ ಪರ್ಯಾಯದ ಹೊರೆಕಾಣಿಕೆಗೆ ಹೋದಾಗ ಇವನು ಹೊಟ್ಟೆಯಲ್ಲಿದ್ದ" ಎಂದು ಒಬ್ಬ ಅಜ್ಜಿ ಹೇಳಿದರೆ, ಎದುರಿಗೆ ಕುಳಿತ ಮಗನ ತಲೆಕೂದಲು ನೋಡಿ ಅದು 1968ರದ್ದೋ 1984ರದ್ದೋ ಎಂದು ತೀರ್ಮಾನಿಸಬಹುದು.

ನಿಮ್ಮ ಗೂಟಗಳು ನಿಮ್ಮ ವಯಸ್ಸಿಗೆ ತಕ್ಕಂತೆ ಇರುತ್ತವೆ. 1970ರ ದಶಕದ ಕೊನೆಯಲ್ಲಿ ಹುಟ್ಟಿದ ನನ್ನವು ಹೀಗಿವೆ: 1984ರ ಅಕ್ಟೋಬರ್ ಕೊನೆಯ ದಿನ ಪ್ರಧಾನಿಯ ಹತ್ಯೆಯಾಗಿ ಶಾಲೆ ಬಿಟ್ಟದ್ದು, 1997ರ ಆಗಸ್ಟಿನಲ್ಲಿ ಉಡುಪಿ ಬೇರೆ ಜಿಲ್ಲೆಯಾದದ್ದು, 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು, 2014ರ ನವೆಂಬರಿನಿಂದ ಇಂಗ್ಲಿಷಿನಲ್ಲೂ ಮಂಗಳೂರು ಎಂದೇ ಬರೆಯುವಂತಾದದ್ದು, 2016ರ ನೋಟು ರದ್ದು, 2020ರ ಲಾಕ್‌ಡೌನ್. ಒಂದು ಉದ್ದ ಹಾಳೆಯಲ್ಲಿ ಗೆರೆ ಎಳೆದು ಇವನ್ನು ಬರೆದು, ಮನೆಯ ಸಂಗತಿಗಳನ್ನು ಅವುಗಳ ಹಿಂದೆ ಮುಂದೆ ಪೆನ್ಸಿಲಿನಲ್ಲಿ ಸೇರಿಸಿ. ತಿಂಗಳು ಬೇಕಾದರೆ ತುಳು ತಿಂಗಳು, ಹಬ್ಬ, ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸುವ ಪತ್ತನಾಜೆ ಇವೆಲ್ಲ ಸಹಾಯಕ್ಕೆ ಬರುತ್ತವೆ. ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಡೆದ ಮದುವೆ ಎಂದರೆ ಅದು ಮೇ ತಿಂಗಳ ಕೊನೆಯ ವಾರಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ.

ಐದನೆಯ ಹಂತ: ಬರೆಯುವುದು

ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ಹೊತ್ತು ಒಂದೇ ಇರಲಿ. ಒಂದು ಸಲಕ್ಕೆ ಒಂದು ಪ್ರಶ್ನೆ, ಒಂದು ಜಾಗ, ಒಂದು ದಿನ. "ನನ್ನ ಬಾಲ್ಯ" ಎಂದು ತಲೆಬರಹ ಹಾಕಿದಿರೋ, ಕೆಟ್ಟಿತು ಎಂದೇ ತಿಳಿಯಿರಿ. ಮೊದಲ ತಿಂಗಳಲ್ಲಿ ನಾನು ಬರೆದ ಸಾಲುಗಳನ್ನು ನಾಚಿಕೆ ಬಿಟ್ಟು ಇಲ್ಲಿ ಕೊಡುತ್ತೇನೆ:

"ನನ್ನ ತಂದೆಯವರು ಹಂಚಿನ ಕಾರ್ಖಾನೆಯಲ್ಲಿ ಕಷ್ಟಪಟ್ಟು ದುಡಿದು ನಮ್ಮನ್ನು ಸಾಕಿದರು. ನಮ್ಮ ಬಾಲ್ಯ ಬಡತನದಲ್ಲಿ ಕಳೆದರೂ ಸಂತೋಷದಿಂದ ಕೂಡಿತ್ತು."

ಇದರಲ್ಲಿ ಸುಳ್ಳು ಏನೂ ಇಲ್ಲ. ಆದರೆ 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ನದಿದಂಡೆಯ ಕಾರ್ಖಾನೆಗಳಲ್ಲಿ ದುಡಿದ ಸಾವಿರಾರು ಮಂದಿಯಲ್ಲಿ ಯಾರ ಮಗಳು ಬೇಕಾದರೂ ಇದನ್ನು ಬರೆಯಬಹುದಿತ್ತು. ಬೀಡಿಯ ಅಮ್ಮನಂತೆ ವಸ್ತುವಿನಿಂದ, ಕೈಯಿಂದ ಆರಂಭಿಸಿದರೆ ಹೇಗಿರುತ್ತದೆ ಎಂದು ಮತ್ತೊಮ್ಮೆ ಬರೆದೆ:

"ಬೋಳಾರದ ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಕಾರ್ಖಾನೆ ದಿನಕ್ಕೆ ಮೂರು ಸಲ ಕೂಗುತ್ತಿತ್ತು. ಬೆಳಗ್ಗಿನ ಕೂಗಿಗೆ ಅಪ್ಪ ಹೊರಡುತ್ತಿದ್ದರು. ಮಧ್ಯಾಹ್ನದ ಕೂಗಿಗೆ ಅಮ್ಮ ಕುಚ್ಚಲಕ್ಕಿ ಗಂಜಿಯ ಪಾತ್ರೆಯನ್ನು ಅಣ್ಣನ ಕೈಗೆ ಕೊಟ್ಟು ಓಡಿಸುತ್ತಿದ್ದರು. ಸಂಜೆಯ ಕೂಗು ಆದ ಮೇಲೆ ಅಪ್ಪ ನೇರ ಒಳಗೆ ಬರುತ್ತಿರಲಿಲ್ಲ, ಬಾವಿಕಟ್ಟೆಯಲ್ಲಿ ಕುಳಿತು ತೆಂಗಿನ ನಾರಿನಿಂದ ಉಗುರು ತಿಕ್ಕುತ್ತಿದ್ದರು. ಮಣ್ಣು ಹೋಗುತ್ತಿತ್ತು, ಹಂಚಿನ ಕೆಂಪು ಹೋಗುತ್ತಿರಲಿಲ್ಲ. ಶಾಲೆಯಲ್ಲಿ ಅಪ್ಪನ ಚಿತ್ರ ಬಿಡಿಸಿ ಉಗುರಿಗೆ ಕೆಂಪು ಹಚ್ಚಿದ್ದಕ್ಕೆ ಟೀಚರ್ ನಕ್ಕಿದ್ದರು."

ಎರಡನೆಯದನ್ನು ಬರೆಯಲು ವಿಶೇಷ ಭಾಷಾಜ್ಞಾನ ಬೇಕಾಗಲಿಲ್ಲ. ಕಷ್ಟ, ಬಡತನ, ಸಂತೋಷ, ಪ್ರೀತಿ, ತ್ಯಾಗ ಎಂಬ ಶಬ್ದಗಳು ಬಂದ ಕಡೆಯೆಲ್ಲ ಗೆರೆ ಹೊಡೆದು, ಅಲ್ಲಿ ಕಣ್ಣಿಗೆ ಕಂಡದ್ದು ಏನು ಎಂದು ಕೇಳಿಕೊಂಡೆ, ಅಷ್ಟೇ. ಈ ಒಂದು ತಿದ್ದುಪಡಿಯನ್ನು ಮಾಡಿದರೆ ಉಳಿದ ಉಪದೇಶಗಳಲ್ಲಿ ಅರ್ಧದಷ್ಟನ್ನು ಮರೆತರೂ ನಡೆಯುತ್ತದೆ.

ಬರೆದ ದಿನಾಂಕವನ್ನು ಪುಟದ ಮೇಲೆ ತಪ್ಪದೆ ಹಾಕಿ. ಅದೇ ಘಟನೆಯನ್ನು ಎರಡು ವರ್ಷದ ನಂತರ ಬೇರೆ ರೀತಿಯಲ್ಲಿ ಬರೆಯುವ ಸಂಭವ ಇದೆ. ಆಗ ಹಳೆಯದನ್ನು ಹರಿಯಬೇಡಿ, ಎರಡೂ ಇರಲಿ.

ಆರನೆಯ ಹಂತ: ಮನೆಯ ಮಾತು

ನಮ್ಮ ಜಿಲ್ಲೆಗಳಲ್ಲಿ ಬರೆಯುವ ಭಾಷೆಯೊಂದು, ಮನೆಯ ಭಾಷೆ ಇನ್ನೊಂದು. ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ, ಯಾವುದರಲ್ಲಿ ಅಮ್ಮ ಬೈದಿದ್ದರೋ ಆ ಬೈಗುಳವನ್ನು ಅದೇ ಮಾತಿನಲ್ಲಿ, ಕನ್ನಡ ಲಿಪಿಯಲ್ಲಿ ಬರೆದಿಡಿ. ಅದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿದರೆ ಬೈದವರು ಬೇರೆ ಯಾರೋ ಆಗಿಬಿಡುತ್ತಾರೆ.

ಬರೆಯಲು ಕೈ ಬರದವರು ಫೋನಿನಲ್ಲಿ ಮಾತಾಡಿ ಇಡಬಹುದು. ಸಾಮಾನ್ಯ ಗುಣಮಟ್ಟದಲ್ಲಿ ಒಂದು ಗಂಟೆಯ ಧ್ವನಿಗೆ 30ರಿಂದ 60 ಎಂಬಿ ಜಾಗ ಸಾಕು. ಫ್ಯಾನ್ ನಿಲ್ಲಿಸಿ, ಫೋನನ್ನು ಒಂದು ಮೊಳ ದೂರದಲ್ಲಿ ಬಟ್ಟೆಯ ಮೇಲೆ ಇಡಿ, ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಕೂರಬೇಡಿ. ಮೊದಲ ಅರ್ಧ ನಿಮಿಷದಲ್ಲಿ ದಿನಾಂಕ, ಊರು, ಹೇಳಲಿರುವ ವಿಷಯ ಇಷ್ಟನ್ನು ಬಾಯಲ್ಲೇ ಹೇಳಿ, ಇಲ್ಲದಿದ್ದರೆ ಐದು ವರ್ಷದ ನಂತರ ನೂರು ಕಡತಗಳ ನಡುವೆ ನಿಮಗೇ ದಾರಿ ಸಿಗದು. ಧ್ವನಿಯಿಂದ ಕನ್ನಡ ಟೈಪ್ ಮಾಡುವ ಸೌಲಭ್ಯ ಈಗ ಫೋನಿನಲ್ಲೇ ಇದೆ. ಆದರೆ ಅದು ಕರಾವಳಿಯ ಉಚ್ಚಾರವನ್ನು ಕೆಲವೊಮ್ಮೆ ವಿಚಿತ್ರವಾಗಿ ತಿದ್ದುತ್ತದೆಯಾದ್ದರಿಂದ ಮೂಲ ಧ್ವನಿಯನ್ನು ಅಳಿಸಬಾರದು.

ಏಳನೆಯ ಹಂತ: ನೋಯುವ ಪುಟಗಳು

ನಮ್ಮ ವೃತ್ತಿಯಲ್ಲಿ ನೋವು ಎಲ್ಲಿ ಆರಂಭವಾಗುತ್ತದೋ ಅಲ್ಲಿಯವರೆಗೆ ಕೀಲನ್ನು ಚಲಿಸಿ, ಅಲ್ಲಿ ಒಂದು ಕ್ಷಣ ನಿಂತು, ಹಿಂದೆ ಬರುತ್ತೇವೆ, ಒತ್ತಿ ಮುರಿಯುವುದಿಲ್ಲ. ಬರೆಯುವಾಗಲೂ ಅದೇ ಕ್ರಮ ಸರಿಯೆನಿಸಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ಆರಂಭಿಸಿದ ಪ್ರಯೋಗಗಳಲ್ಲಿ ಜನರು ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷದಂತೆ ಮೂರು ನಾಲ್ಕು ದಿನ ಮಾತ್ರ ತಮ್ಮ ನೋವಿನ ಸಂಗತಿಗಳನ್ನು ಬರೆದರು. ಬರೆದ ಕೂಡಲೇ ಮನಸ್ಸು ಭಾರವಾಗುವುದು ಸಾಮಾನ್ಯ ಎಂಬುದೂ ಅಲ್ಲಿ ಕಂಡುಬಂತು. ನೀವೂ ಮಿತಿ ಹಾಕಿಕೊಂಡು ಬರೆಯಿರಿ. ವಾರಗಟ್ಟಲೆ ನಿದ್ದೆ ಕೆಟ್ಟರೆ ಆ ಪುಟವನ್ನು ಮುಚ್ಚಿ, ಅಗತ್ಯವಿದ್ದರೆ ಮನೋವೈದ್ಯರನ್ನು ಕಾಣಿ.

ಇನ್ನೊಬ್ಬರ ಗುಟ್ಟು ನಮ್ಮ ಬದುಕಿನೊಳಗೆ ಹೆಣೆದುಕೊಂಡಿರುವಾಗ ಏನು ಮಾಡಬೇಕೆಂಬುದು ಹೆಚ್ಚು ಕಠಿಣ. ಹೆಣ್ಣಿನ ಕಡೆಯಿಂದ ಆಸ್ತಿ ಇಳಿದುಬರುವ ಅಳಿಯಕಟ್ಟಿನ ಕುಟುಂಬದ ಪಾಲುಪಟ್ಟಿ, ಅತ್ತಿಗೆಯ ಮುರಿದ ಮದುವೆ, ಮಾವನ ಸಾಲ, ಇಂಥವನ್ನು ನಾನು ಒಂದು ಬೇರೆ ಪುಸ್ತಕದಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸಿದ್ದೇನೆ, ಯಾವಾಗ ತೆರೆಯಬಹುದು ಎಂದು ಮೇಲೆ ನಮೂದಿಸಿದ್ದೇನೆ. ಇದು ಎಲ್ಲರಿಗೂ ಒಪ್ಪಿಗೆಯಾಗದಿರಬಹುದು. ಬರೆಯದೆಯೇ ಬಿಡುವುದೂ ತಪ್ಪಲ್ಲ.

ಎಂಟನೆಯ ಹಂತ: ತಾಳೆ ನೋಡುವುದು

ಒಡಹುಟ್ಟಿದವರನ್ನು ಕೇಳುವ ಮೊದಲು ನಿಮ್ಮ ನೆನಪನ್ನು ಪೂರ್ತಿ ಬರೆದು ಮುಗಿಸಿ. ಒಮ್ಮೆ ಅಣ್ಣನ ಮಾತು ಕಿವಿಗೆ ಬಿದ್ದರೆ ಅದು ನಿಮ್ಮ ನೆನಪಿನೊಳಗೆ ಸೇರಿಕೊಳ್ಳುತ್ತದೆ, ಆಮೇಲೆ ಬೇರ್ಪಡಿಸಲು ಬಾರದು. ಬರೆದಾದ ಮೇಲೆ ಕೇಳಿ, ವ್ಯತ್ಯಾಸವಿದ್ದರೆ ಅಂಚಿನಲ್ಲಿ "ಅಣ್ಣ ಹೇಳುವುದು ಹೀಗೆ" ಎಂದು ಸೇರಿಸಿ. ಯಾರದ್ದು ಸರಿ ಎಂದು ಊಟದ ಹೊತ್ತಿನಲ್ಲಿ ತೀರ್ಮಾನ ಮಾಡಲು ಹೋಗಬೇಡಿ.

ಕಾಗದಗಳೂ ಮಾತಾಡುತ್ತವೆ. ಶಾಲೆಯ ಟಿ.ಸಿ., ರೇಷನ್ ಕಾರ್ಡು, ಪಹಣಿ, ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿಯ (ತಾತ್ಕಾಲಿಕ ಗೇಣಿಯ) ಹಳೆಯ ಚೀಟುಗಳು, ಬೀಡಿಯವರ ಭವಿಷ್ಯನಿಧಿ ಕಾರ್ಡು, ಮದುವೆಯ ಉಡುಗೊರೆಯ ಪಟ್ಟಿ. ಅಮ್ಮನ ಪೆಟ್ಟಿಗೆಯಲ್ಲಿ ನನಗೆ ಸಿಕ್ಕಿದ್ದು ಒಂದು ಪಿಗ್ಮಿ ಪಾಸ್‌ಬುಕ್. 1925ರಲ್ಲಿ ಉಡುಪಿಯಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕು 1928ರಿಂದಲೇ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿನಲ್ಲಿ ಹಣ ಕಟ್ಟಿಸಿಕೊಳ್ಳುತ್ತಿದ್ದ ಆ ಪದ್ಧತಿ ನಮ್ಮ ಕಾಲದವರೆಗೂ ಉಳಿದಿತ್ತು. ಅಮ್ಮನ ಪುಸ್ತಕದಲ್ಲಿ ದಿನವೂ ಒಂದೊಂದು ರೂಪಾಯಿ, ನಡುವೆ ಹತ್ತೊಂಬತ್ತು ದಿನ ಖಾಲಿ. ಆ ಹತ್ತೊಂಬತ್ತು ದಿನ ಕಾರ್ಖಾನೆಯಲ್ಲಿ ಮುಷ್ಕರ ಇತ್ತೆಂದು ಅಣ್ಣನಿಗೆ ನೆನಪಾಯಿತು, ನನಗೆ ಆಗಿರಲಿಲ್ಲ. ಹುಟ್ಟಿದ ದಿನಾಂಕವನ್ನು ಮಾತ್ರ ಶಾಲೆಯ ದಾಖಲೆಯಿಂದ ತೆಗೆದುಕೊಳ್ಳುವಾಗ ಹುಷಾರಾಗಿರಿ. ಒಂದನೆಯ ತರಗತಿಗೆ ಸೇರಿಸಲು ಬೇಕಾದಷ್ಟು ವಯಸ್ಸನ್ನು ಮಾಸ್ತರರೇ ಕೊಟ್ಟಿರುವುದು ನಮ್ಮಲ್ಲಿ ಬಹಳ.

ಒಂಬತ್ತನೆಯ ಹಂತ: ಬೂಸ್ಟಿನಿಂದ ಕಾಪಾಡುವುದು

ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಕಾಗದ ಉಳಿಸುವುದು ಸಣ್ಣ ಕೆಲಸವಲ್ಲ. ನನ್ನ ಮೊದಲ ಪುಸ್ತಕವನ್ನು ಜೆಲ್ ಪೆನ್ನಿನಲ್ಲಿ ಬರೆದು, ಗೋಡೆಗೆ ತಾಗಿದ ಕಪಾಟಿನ ಮೇಲಿನ ತಟ್ಟಿನಲ್ಲಿ ಇಟ್ಟಿದ್ದೆ. ಆಟಿಯ ಮುಂದಿನ ಸೋಣ ತಿಂಗಳಲ್ಲಿ ತೆಗೆದು ನೋಡಿದಾಗ ಇಪ್ಪತ್ತೆರಡು ಪುಟಗಳು ನೀಲಿ ಮೋಡವಾಗಿದ್ದವು, ರಟ್ಟಿನ ಮೇಲೆ ಬೂಸ್ಟು. ಅಂದಿನಿಂದ ಸಾಮಾನ್ಯ ಬಾಲ್ ಪೆನ್ನು ಅಥವಾ ಪೆನ್ಸಿಲ್ ಮಾತ್ರ ಬಳಸುತ್ತೇನೆ. ಪುಸ್ತಕಗಳು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ, ಹೊರಗೋಡೆಗೆ ತಾಗದ ಕಪಾಟಿನಲ್ಲಿವೆ. ಮಳೆಗಾಲ ಕಳೆದ ಮೇಲೆ ಒಮ್ಮೆ ತೆಗೆದು ನೆರಳಿನಲ್ಲಿ ಗಾಳಿಗೆ ಹಿಡಿಯುತ್ತೇನೆ. ಹಳೆಯ ಫೋಟೊಗಳನ್ನು ಲ್ಯಾಮಿನೇಶನ್ ಮಾಡಿಸಬೇಡಿ, ಮತ್ತೆ ಬಿಡಿಸಲು ಬರುವುದಿಲ್ಲ. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು ಬರೆಯಿರಿ. "ಅಮ್ಮ, ನಾನು" ಎಂದಲ್ಲ, ಪೂರ್ತಿ ಹೆಸರು. ಓದುವವರಿಗೆ ನಿಮ್ಮ ಅಮ್ಮ ಅಮ್ಮನಾಗಿರುವುದಿಲ್ಲ.

ಪ್ರತಿ ತಿಂಗಳು ಪುಟಗಳ ಫೋಟೊ ತೆಗೆದು, ಒಂದು ಪ್ರತಿ ಮನೆಯ ಪೆನ್‌ಡ್ರೈವಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ನಂಬಿಕೆಯ ಒಬ್ಬರ ಬಳಿ ಇರಲಿ. ಡಬ್ಬಿ ಎಲ್ಲಿದೆ ಎಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಿ.

ಹತ್ತನೆಯ ಹಂತ: ಓದಿ ಹೇಳುವುದು

ಬರೆದದ್ದನ್ನು ನಿಮಗಿಂತ ಹಿರಿಯರಾದ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಮಕ್ಕಳು ಹೊಗಳುತ್ತಾರೆ, ಓರಗೆಯವರು ತಮ್ಮ ಕಥೆ ಆರಂಭಿಸುತ್ತಾರೆ, ಹಿರಿಯರು ತಿದ್ದುತ್ತಾರೆ.

ನಾನು ಪುಸ್ತಕ ಬರೆಯುತ್ತಿರುವ ಸುದ್ದಿ ಹೇಗೋ ಬೀಡಿಯ ಅಮ್ಮನಿಗೆ ತಲುಪಿತ್ತು. "ನನ್ನದನ್ನು ಬರೆದೆಯಾ ಮಗಾ?" ಎಂದು ಕೇಳಿದರು. ಇಲ್ಲ, ನನ್ನದನ್ನು ಬರೆಯುತ್ತಿದ್ದೇನೆ ಎಂದೆ. "ಹಾಗಾದರೆ ಓದು" ಎಂದು ತಡ್ಪೆಯನ್ನು ಮಡಿಲಿಗೆ ಎಳೆದುಕೊಂಡರು. ಹಂಚಿನ ಕಾರ್ಖಾನೆಯ ಪುಟವನ್ನು ಅಲ್ಲಲ್ಲೇ ತುಳುವಿಗೆ ತಿರುಗಿಸುತ್ತಾ ಓದಿದೆ. ಗಡಿಯಾರ ಇರಲಿಲ್ಲ ಎಂಬಲ್ಲಿ ತಲೆಯಾಡಿಸಿದರು, ಮೂರು ಸಲ ಕೂಗು ಎಂಬಲ್ಲಿ ಅವರ ಕೈ ನಿಂತಿತು. "ಮೂರಲ್ಲ, ನಾಲ್ಕು" ಎಂದರು. ಅವರ ತವರು ಗುರುಪುರ ಹೊಳೆಯ ದಂಡೆ ಎಂಬುದು ನನಗೆ ಆವರೆಗೆ ತಿಳಿದಿರಲಿಲ್ಲ. ಅಲ್ಲಿಯೂ ಒಂದು ಹಂಚಿನ ಕಾರ್ಖಾನೆ ಇತ್ತು. ಊಟಕ್ಕೆ ಬಿಡುವಾಗ ಒಂದು ಕೂಗು, ಊಟ ಮುಗಿಸಿ ಒಳಗೆ ಸೇರಲು ಇನ್ನೊಂದು. "ಆ ಹೊತ್ತಿಗೆ ನೀನು ಶಾಲೆಯಲ್ಲಿ ಗಲಾಟೆ ಮಾಡುತ್ತಾ ಇದ್ದಿರಬೇಕು, ಕೇಳಿಸಲಿಲ್ಲ" ಎಂದರು. ಪೆನ್ಸಿಲ್ ತೆಗೆದು ಅಂಚಿನಲ್ಲಿ "ನಾಲ್ಕು" ಎಂದು ಬರೆದು ಆ ದಿನದ ದಿನಾಂಕ ಹಾಕಿದೆ. ಅವರು ಆಗಲೇ ಮುಂದಿನ ಕಾಗದವನ್ನು ಎಡಗೈಯಿಂದ ಎತ್ತಿಕೊಂಡಿದ್ದರು.